ಕಣ್ಣಿನ ದೋಷವೋ, ಪೆಟ್ಟಿಗೆಯ ದೋಷವೋ?

ಮನೆಯಲ್ಲಿ ಏನಾದರೊಂದು ಕೆಟ್ಟಿತೆಂದರೆ, ಅದರ ಕಾರಣವು ಗೊತ್ತಾಗುವುದಕ್ಕೆ ಮೊದಲೇ ಅದರ ಅಪವಾದವನ್ನು ಹೊರತಕ್ಕವರು ಯಾರೆಂಬುದು ಗೊತ್ತಾಗಿಬಿಡುವುದು ಸಂಸಾರಗಳ ಒಂದು ವಾಡಿಕೆ. ಹಾಲು ಒಡೆದರೆ ಪಾತ್ರೆ ತೊಳೆದವರ ಕೈ, ಗಡಿಯಾರವು ನಿಂತರೆ ಹುಡುಗರ ಕೈ, ಟಿ.ವಿ.ಯಲ್ಲಿ ಚಿತ್ರವು ಮಸುಕಾಗಿ ಕಂಡರೆ ಹಿರಿಯರ ಕಣ್ಣು. ಮೊದಲಿನ ಎರಡು ಅಪವಾದಗಳನ್ನು ಹೊತ್ತವರು ಜಗಳವಾಡಿಯಾದರೂ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಮೂರನೆಯದನ್ನು ಹೊತ್ತವರು ಮಾತ್ರ ಪ್ರಾಯಶಃ ಅದನ್ನು ಒಪ್ಪಿಕೊಂಡು ಸುಮ್ಮನಾಗಿಬಿಡುತ್ತಾರೆ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದುದು ಆ ಮೌನವೇ. ವಿಷಯವು ಯಂತ್ರಗಳಿಗೆ ಸಂಬಂಧಪಟ್ಟುದಾದರೂ ಗೃಹಕೃತ್ಯಕ್ಕೆ ಸೇರಿದುದೆಂದೇ ನಮ್ಮ ಭಾವನೆ. ವಾಚಕರು ಬೇಸರಿಸದೆ ಓದಬೇಕೆಂದು ಕೋರುತ್ತೇವೆ.

ಮೊದಲು ಹೆಸರಿನ ವಿಚಾರ. ಸೆಟ್‌ಟಾಪ್ ಬಾಕ್ಸ್ ಎಂದರೆ ಟಿ.ವಿ.ಯ ನೆತ್ತಿಯ ಮೇಲೆ ಕೂರತಕ್ಕ ಪೆಟ್ಟಿಗೆ ಎಂದರ್ಥ. ಟಿ.ವಿ.ಯು ಅಕ್ಕಿಯ ಡಬ್ಬದಂತೆ ದಪ್ಪನಾಗಿದ್ದ ಕಾಲದಲ್ಲಿ ಈ ಹೆಸರು ಸಾರ್ಥಕವಾಗಿತ್ತು. ಈಗಿನ ಟಿ.ವಿ.ಯು ಊಟದ ಮಣೆಯಷ್ಟು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡಿರುವುದರಿಂದ, ಪೆಟ್ಟಿಗೆಯು ನೆತ್ತಿಯಿಂದಿಳಿದು ಪಾದದ ಬಳಿ ಕುಳಿತಿದೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ. ಕೇಬಲ್ ಪ್ರಸಾರವನ್ನು ಡಿಜಿಟಲ್ ಕ್ರಮಕ್ಕೆ ತಿರುಗಿಸುವ ಸರಕಾರದ ಯೋಜನೆಯು 2013ರಲ್ಲಿ ಬೆಂಗಳೂರು ಮೈಸೂರುಗಳನ್ನು ಮುಟ್ಟಿದಾಗ, ಕೇಬಲ್ ಇದ್ದ ಮನೆಗಳಲ್ಲೆಲ್ಲ ಈ ಪೆಟ್ಟಿಗೆಯು ಅನಿವಾರ್ಯವಾಯಿತು. ಅನಂತರ 2015ರಲ್ಲಿ ಹಾಟ್‌ಸ್ಟಾರ್, 2016ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೋ ನಮ್ಮ ದೇಶದಲ್ಲಿ ಆರಂಭವಾದುವು. ಚಿತ್ರವು ಇಂಟರ್ನೆಟ್ಟಿನ ಮೂಲಕ ಹರಿದುಬರತೊಡಗಿತು. ಇದಕ್ಕೇ ಸ್ಟ್ರೀಮಿಂಗ್ ಎನ್ನುವುದು.

ಈಗ ಅನೇಕ ಮನೆಗಳಲ್ಲಿ ಒಂದೇ ಪರದೆಗೆ ಮೂರು ಬಾಗಿಲುಗಳಿವೆ. ಸ್ಮಾರ್ಟ್ ಟಿ.ವಿ.ಯ ಹೊಟ್ಟೆಯೊಳಗೇ ಇರತಕ್ಕ ಆ್ಯಪ್ ಒಂದು, ಕೇಬಲ್, ಡಿಷ್ ಅಥವಾ ಇಂಟರ್ನೆಟ್ ಕಂಪನಿಯವರು ಕೊಟ್ಟ ಸೆಟ್‌ಟಾಪ್ ಬಾಕ್ಸ್ ಇನ್ನೊಂದು, ಟಿ.ವಿ.ಯ ಬೆನ್ನಿಗೆ ಚುಚ್ಚುವ ಹೆಬ್ಬೆರಳುದ್ದದ ಸ್ಟಿಕ್ ಮೂರನೆಯದು. ಗೂಗಲ್ ಸಂಸ್ಥೆಯವರು 2013ರಲ್ಲಿ ಹೊರತಂದ ಕ್ರೋಮ್‌ಕಾಸ್ಟ್ ಎಂಬುದು ಈ ಕೊನೆಯ ಬಗೆಯದು. ರೂಪದಲ್ಲಿ ಚಿಕ್ಕದಾದರೂ ಇದೂ ಪೆಟ್ಟಿಗೆಯ ಕುಲಕ್ಕೇ ಸೇರಿದುದು. ಪರದೆಯು ಒಂದೇ ಆದುದರಿಂದ ಯಾವ ಬಾಗಿಲಿನಿಂದ ಬಂದರೂ ಚಿತ್ರವು ಒಂದೇ ಎಂದು ಜನರು ತಿಳಿಯುವುದು ಸಹಜ. ಆದರೆ ಹಾಗಿಲ್ಲವೆಂಬುದು ನಮ್ಮ ಮನೆಯಲ್ಲಿಯೇ ನಮಗೆ ಪ್ರತ್ಯಕ್ಷವಾಯಿತು.

ನಮ್ಮ ತಾಯಿಯವರಿಗೆ ಈಗ 82 ವರ್ಷ. ಕಿವಿಯು ಬಹುವಾಗಿ ಮಂದವಾಗಿದೆ. ಆದುದರಿಂದ ಅವರು ಚಲನಚಿತ್ರವನ್ನು ಕೇಳುವುದಿಲ್ಲ. ಓದುತ್ತಾರೆ ಎಂದೇ ಹೇಳಬೇಕು. ತುಟಿಯ ಚಲನೆ, ಹುಬ್ಬಿನ ಗಂಟು, ಕಣ್ಣಿನ ಅಂಚು, ಇವುಗಳಿಂದ ಕಥೆಯನ್ನು ಹಿಡಿದುಕೊಂಡು ಹೋಗುತ್ತಾರೆ. ಮಧ್ಯಾಹ್ನದ ಊಟವಾದ ಮೇಲೆ ಒಂದು ಹಳೆಯ ಕನ್ನಡ ಚಿತ್ರವನ್ನು ಅರ್ಧ ಇಂದು, ಅರ್ಧ ನಾಳೆ ಎಂದು ನೋಡುವುದು ಅವರಿಗೆ ಉಳಿದಿದ್ದ ಒಂದೇ ವಿನೋದ. ಕಳೆದ ವರ್ಷದ ಆಷಾಢದಲ್ಲಿ ಅದು ನಿಂತುಹೋಯಿತು. ಆ ಹೊತ್ತಿನಲ್ಲಿ ಅವರು ಟಿ.ವಿ.ಯ ಕಡೆಗೆ ಬೆನ್ನು ಮಾಡಿ ಕುಳಿತು ಹೂಬತ್ತಿ ಹೊಸೆಯತೊಡಗಿದರು. ನಾವು ಕಾರಣವನ್ನು ಕೇಳಿದಾಗ, "ಸಾಕು ಬಿಡು ಮಗು, ಎಲ್ಲರ ಮುಖಕ್ಕೂ ಹಿಟ್ಟು ಬಳಿದ ಹಾಗೆ ಕಾಣಿಸುತ್ತೆ. ಕಿವಿ ಹೋಯಿತು, ಈಗ ಕಣ್ಣಿನ ಸರದಿ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಲೆಕ್ಕವನ್ನು ಮುಗಿಸಿದವರ ಸಮಾಧಾನವಿತ್ತು. ನಮಗೆ ನೋವಾದುದು ಅದರಿಂದಲೇ.

ಮನೆಯಲ್ಲಿ ಅಭಿಪ್ರಾಯಗಳು ಹೊರಟುವು. ಅಣ್ಣನವರು ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕೆಂದರು. ಅಣ್ಣನ ಮಗನು, "ಚಿಕ್ಕಪ್ಪ, ಟಿ.ವಿ.ಗೇ ಆರು ವರ್ಷ ಆಯಿತು, ತೆಗೆದು ಹಾಕಿ ಹೊಸದು ತರೋಣ" ಎಂದನು. ಅತ್ತಿಗೆಯವರು, "ಈ ವಯಸ್ಸಿನಲ್ಲಿ ಜಪ ಮಾಡಿಕೊಂಡಿದ್ದರೆ ಆಗದೆ?" ಎಂದು ಎಲ್ಲರ ಖರ್ಚನ್ನೂ ಉಳಿಸುವ ಮಾರ್ಗವನ್ನು ಸೂಚಿಸಿದರು. ಅಣ್ಣನವರ ಮಾತಿನಂತೆ ವೈದ್ಯರಲ್ಲಿಗೆ ಹೋಗಿಬಂದೆವು. ನಾಲ್ಕು ವರ್ಷಗಳ ಹಿಂದೆ ಪೊರೆ ತೆಗೆಸಿದ ಎರಡು ಕಣ್ಣುಗಳೂ ವಯಸ್ಸಿಗೆ ಮೀರಿ ಚೆನ್ನಾಗಿವೆ ಎಂದು ಅವರು ಹೇಳಿದರು. ತಾಯಿಯವರು ಅದನ್ನು ನಂಬಲಿಲ್ಲ. ಆದರೆ ಜಗಲಿಯಲ್ಲಿ ಕುಳಿತು, ಬೀದಿಯ ತಿರುವಿನಲ್ಲಿ ಬರುವವರನ್ನು ಹೆಸರು ಹಿಡಿದು ಹೇಳುವ ಕಣ್ಣಿಗೆ ಒಂಬತ್ತು ಅಡಿ ದೂರದ ಪರದೆಯ ಮೇಲಿನ ಮುಖವು ಕಾಣದೆಂದರೆ, ದೋಷವನ್ನು ಬೇರೆ ಕಡೆಯಲ್ಲಿ ಹುಡುಕಬೇಕೆಂದು ನಮಗೆ ತೋರಿತು.

ಒಂದು ಭಾನುವಾರ ಸಂಜೆ, ಒಂದೇ ಚಿತ್ರದ ಒಂದೇ ಸನ್ನಿವೇಶವನ್ನು ಮೂರು ಬಾಗಿಲುಗಳಿಂದಲೂ ಒಂದಾದಮೇಲೊಂದರಂತೆ ತರಿಸಿ ನೋಡಿದೆವು. ಒಳಗೆ ಬರುತ್ತಿರುವ ಚಿತ್ರದ ಅಳತೆಯನ್ನು ತೋರಿಸುವ ಪಟ್ಟಿಯನ್ನೂ ಪರದೆಯ ಮೂಲೆಯಲ್ಲಿ ತೆರೆದಿಟ್ಟೆವು. ಟಿ.ವಿ.ಯ ಸ್ವಂತ ಆ್ಯಪ್‌ನಲ್ಲಿ ಚಿತ್ರವು 480 ಗೆರೆಗಳಲ್ಲಿ ಆರಂಭವಾಗಿ, ಐದು ನಿಮಿಷ ಕಾದರೂ ಅಲ್ಲಿಂದ ಮೇಲೇರಲಿಲ್ಲ. ಸೆಟ್‌ಟಾಪ್ ಬಾಕ್ಸಿನಲ್ಲಿ 1080 ಗೆರೆಗಳು ಬಂದುವು. ಆದರೆ ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗಲೆಲ್ಲ ಚಿತ್ರವು ಎಡವುತ್ತಿತ್ತು. ಹುಡುಗನು ತಂದಿದ್ದ ಸ್ಟಿಕ್‌ನಲ್ಲಿ 1080 ಗೆರೆಗಳೂ ಬಂದುವು, ಎಡವುವಿಕೆಯೂ ಇರಲಿಲ್ಲ. ಆಗ ತಾಯಿಯವರನ್ನು ಕರೆದು ಕೂರಿಸಿದೆವು. ಅವರು ಒಂದು ಗಳಿಗೆ ನೋಡಿ, ಕೈಯಲ್ಲಿದ್ದ ಹತ್ತಿಯನ್ನು ಮಡಿಲಲ್ಲಿಟ್ಟು, "ಇವಳು ಅಳುತ್ತಾ ಇದ್ದಾಳಲ್ಲೋ! ಆಗಿನಿಂದ ನಗುತ್ತಿದ್ದಾಳೆ ಅಂದುಕೊಂಡಿದ್ದೆ" ಎಂದರು. ಸ್ವಲ್ಪ ತಡೆದು, "ಹಾಗಾದರೆ ನನ್ನ ಕಣ್ಣು ನೆಟ್ಟಗಿದೆಯೇನೋ?" ಎಂದು ಕೇಳಿದರು. ವೈದ್ಯರ ಮಾತು ಕೊಡಲಾರದಿದ್ದ ಧೈರ್ಯವನ್ನು ಆ ಒಂದು ಹನಿ ಕಣ್ಣೀರು ಕೊಟ್ಟಿತು.

ಪರದೆಯು ಅದೇ, ಚಿತ್ರವು ಅದೇ, ಮನೆಗೆ ಬರುವ ಇಂಟರ್ನೆಟ್ಟೂ ಅದೇ. ಹಾಗಿದ್ದೂ ಇಷ್ಟು ಅಂತರವೇಕೆ? ಇದನ್ನು ತಿಳಿಯಲು ಹಳೆಯ ಕಾಲದ ಪ್ರಸಾರಕ್ಕೂ ಈಗಿನದಕ್ಕೂ ಇರುವ ಭೇದವನ್ನು ನೆನೆಯಬೇಕು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ಮೂಲಕ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತೋರಿಸುವ ಸೈಟ್ ಎಂಬ ಪ್ರಯೋಗವು ನಡೆಯಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ತಂತಿಬಲೆಯ ದೊಡ್ಡ ಕೊಡೆಯಂತಹ ಆಂಟೆನಾಗಳನ್ನು ನಿಲ್ಲಿಸಿದ್ದರು. ಆ ಉಪಗ್ರಹವು ಕೆಳಗಿರುವ ಪೆಟ್ಟಿಗೆ ಯಾವುದೆಂದು ಕೇಳುತ್ತಿರಲಿಲ್ಲ. ಮಳೆಯಂತೆ ಎಲ್ಲ ಊರಿಗೂ ಒಂದೇ ಚಿತ್ರವನ್ನು ಸುರಿಯುತ್ತಿತ್ತು. ಸ್ಟ್ರೀಮಿಂಗ್ ಹಾಗಲ್ಲ. ಇಲ್ಲಿ ಕಳುಹಿಸುವವರು ಪ್ರತಿಯೊಂದು ಯಂತ್ರದ ಯೋಗ್ಯತೆಯನ್ನು ವಿಚಾರಿಸಿ, ಅದಕ್ಕೆ ತಕ್ಕ ಚಿತ್ರವನ್ನು ಅಳೆದು ಕೊಡುತ್ತಾರೆ.

ಈ ವ್ಯವಹಾರವನ್ನು ನಮ್ಮ ಗೃಹಿಣಿಯರಿಗೆ ಸಂಡಿಗೆಯ ದೃಷ್ಟಾಂತದಿಂದ ವಿವರಿಸಬಹುದು. ಫುಲ್ ಎಚ್‌ಡಿ ಎಂಬ ಅಳತೆಯ ಒಂದು ಚಿತ್ರದಲ್ಲಿ 1920 ಸಾಲು 1080, ಎಂದರೆ 20,73,600 ಚುಕ್ಕೆಗಳಿರುತ್ತವೆ. ಚಲನಚಿತ್ರದಲ್ಲಿ ಸೆಕೆಂಡಿಗೆ ಅಂತಹ 24 ಚಿತ್ರಗಳು. ಇವನ್ನು ಇದ್ದಂತೆಯೇ ಕಳುಹಿಸಬೇಕಾದರೆ ಸೆಕೆಂಡಿಗೆ ಸುಮಾರು 1194 ಮೆಗಾಬಿಟ್ ಬೇಕು. ಆದರೆ ನೆಟ್‌ಫ್ಲಿಕ್ಸಿನವರು ಈ ಅಳತೆಯ ಚಿತ್ರಕ್ಕೆ ಕೇಳುವ ವೇಗವು 5 ಮೆಗಾಬಿಟ್ ಮಾತ್ರ. ಎಂದರೆ ಸುಮಾರು 240 ಪಾಲಿನಲ್ಲಿ ಒಂದು ಪಾಲು. ಬೂದುಗುಂಬಳದ ಸಂಡಿಗೆಯನ್ನು ಬಿಸಿಲಿನಲ್ಲಿ ಒಣಗಿಸಿ ಸಣ್ಣದು ಮಾಡಿ ಕಳುಹಿಸಿದರೆ, ತರಿಸಿಕೊಂಡವರ ಬಾಣಲೆಯಲ್ಲಿ ಅದು ಅರಳುವುದಷ್ಟೆ? ಹಾಗೆಯೇ ಇದೂ. ನಮ್ಮ ಮನೆಯ ಯಂತ್ರವೇ ಬಾಣಲೆ. ಒಂದೇ ದರ್ಜೆಯ ಸಂಡಿಗೆಯಾದರೆ ಯಾವ ಒಳ್ಳೆಯ ಬಾಣಲೆಯಲ್ಲಿಯೂ ಒಂದೇ ರೀತಿ ಅರಳೀತು. ಆದರೆ ಅಂಗಡಿಯಲ್ಲಿ ನಾಲ್ಕಾರು ದರ್ಜೆಗಳಿರುತ್ತವೆ; ಯಾವ ದರ್ಜೆಯನ್ನು ಕೊಡುವುದೆಂಬುದನ್ನು ಮೂರು ಪ್ರಶ್ನೆಗಳಿಂದ ತೀರ್ಮಾನಿಸುತ್ತಾರೆ.

ಮೊದಲನೆಯದು, ದಾರಿ ಎಷ್ಟು ಅಗಲ? ಚಿತ್ರವು ಕೆಲವು ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಒಂದೊಂದು ತುಂಡು ಬಂದಾಗಲೂ ಯಂತ್ರವು ದಾರಿಯ ವೇಗವನ್ನು ಅಳೆದು, ಮುಂದಿನ ತುಂಡಿನ ದರ್ಜೆಯನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ನೆಟ್‌ಫ್ಲಿಕ್ಸಿನವರ ಲೆಕ್ಕದಂತೆ 720 ಗೆರೆಗಳಿಗೆ 3, 1080 ಗೆರೆಗಳಿಗೆ 5, 4ಕೆ ಎಂಬ ದೊಡ್ಡ ಅಳತೆಗೆ 15 ಮೆಗಾಬಿಟ್ ವೇಗವು ಬೇಕು. ಮನೆಯ ರೂಟರಿಗೆ ನೂರು ಬಂದರೂ, ರೂಟರಿನಿಂದ ಟಿ.ವಿ.ಗೆ ಹೋಗುವ ವೈಫೈ ದಾರಿಯು ಇಕ್ಕಟ್ಟಾದರೆ ಆ ನೂರು ವ್ಯರ್ಥ. ನಮ್ಮ ಟಿ.ವಿ.ಯ ವೈಫೈಯು 2.4 ಗಿಗಾಹರ್ಟ್ಸ್ ಅಲೆಯನ್ನು ಮಾತ್ರ ಹಿಡಿಯಬಲ್ಲದು. ಈ ಅಲೆಯು ಗೋಡೆಗಳನ್ನು ದಾಟುವುದರಲ್ಲಿ ಗಟ್ಟಿಯಾದರೂ, ಅಕ್ಕಪಕ್ಕದ ಮನೆಗಳ ವೈಫೈ, ಮೈಕ್ರೋವೇವ್ ಒಲೆ ಮುಂತಾದುವುಗಳೆಲ್ಲ ನಡೆದಾಡುವ ಸಂತೆಬೀದಿ ಅದು. ಸ್ಟಿಕ್ಕಾದರೋ 5 ಗಿಗಾಹರ್ಟ್ಸಿನ ಹೆಚ್ಚು ತೆರವಾದ ಬೀದಿಯಲ್ಲಿ ಬರುತ್ತಿತ್ತು. ಪರೀಕ್ಷೆಗಾಗಿ ರೂಟರಿನಿಂದ ಟಿ.ವಿ.ಗೆ ಒಂದು ತಂತಿಯನ್ನು ಎಳೆದು ನೋಡಿದೆವು; ಟಿ.ವಿ.ಯ ಆ್ಯಪ್ ತಾನಾಗಿ 1080ಕ್ಕೆ ಏರಿತು. ಪರದೆಯನ್ನು ಎಸೆಯುವ ಮಾತು ಅಲ್ಲಿಗೆ ನಿಂತಿತು.

ಎರಡನೆಯದು, ನಂಬಿಕೆಯ ಪ್ರಶ್ನೆ. ಚಿತ್ರದ ಒಡೆಯರಿಗೆ ಕಳ್ಳಪ್ರತಿಯ ಭಯ. ಆದುದರಿಂದ ಚಿತ್ರಕ್ಕೆ ಬೀಗ ಹಾಕಿ ಕಳುಹಿಸುತ್ತಾರೆ. ಗೂಗಲಿನವರ ವೈಡ್‌ವೈನ್ ಎಂಬ ಬೀಗವು ಬಹಳ ಬಳಕೆಯಲ್ಲಿದೆ. ಬೀಗದ ಕೈಯನ್ನೂ ಬಿಚ್ಚಿದ ಚಿತ್ರವನ್ನೂ ಚಿಪ್ಪಿನೊಳಗಿನ ಭದ್ರವಾದ ಕೋಣೆಯಲ್ಲಿಯೇ ಇಟ್ಟುಕೊಳ್ಳಬಲ್ಲ ಯಂತ್ರಕ್ಕೆ ಎಲ್1 ಎಂಬ ಮೇಲಿನ ದರ್ಜೆ. ಆ ಕೋಣೆಯಿಲ್ಲದುದಕ್ಕೆ ಎಲ್3. ಎಲ್3 ಯಂತ್ರಕ್ಕೆ ಅನೇಕ ಸೇವೆಗಳವರು ಎಚ್‌ಡಿ ಚಿತ್ರವನ್ನು ಕೊಡುವುದೇ ಇಲ್ಲ. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಹೆಸರಿಲ್ಲದ ಪೆಟ್ಟಿಗೆಗಳ ರಟ್ಟಿನ ಮೇಲೆ 4ಕೆ ಎಂದು ದೊಡ್ಡದಾಗಿ ಅಚ್ಚಾಗಿದ್ದರೂ, ಅನುಮತಿಯಿಲ್ಲದ ಪೆಟ್ಟಿಗೆಯಾದರೆ ಒಳಗೆ ಬರುವುದು ಕೆಳದರ್ಜೆಯ ಚಿತ್ರವೇ. ಪೆಟ್ಟಿಗೆಯಿಂದ ಟಿ.ವಿ.ಗೆ ಹೋಗುವ ಎಚ್‌ಡಿಎಂಐ ತಂತಿಯ ಎರಡು ತುದಿಗಳಲ್ಲಿಯೂ ಎಚ್‌ಡಿಸಿಪಿ 2.2 ಎಂಬ ಇನ್ನೊಂದು ಬೀಗವಿಲ್ಲದಿದ್ದರೆ ಸಾಮಾನ್ಯವಾಗಿ 4ಕೆ ಚಿತ್ರವು ದೊರೆಯದು. ನಮ್ಮ ಮನೆಯಲ್ಲಿ ತಂತಿ ಎಳೆದ ಮೇಲೂ ಒಂದು ಸೇವೆಯ ಚಿತ್ರವು ಮಸುಕಾಗಿಯೇ ಉಳಿಯಿತು, ನಮ್ಮ ಟಿ.ವಿ.ಯ ಮಾದರಿಗೆ ಅವರು ಎಚ್‌ಡಿ ಅನುಮತಿಯನ್ನು ಕೊಟ್ಟಿರಲಿಲ್ಲ. ಸ್ಟಿಕ್ಕಿಗೆ ಕೊಟ್ಟಿದ್ದರು.

ಮೂರನೆಯದು, ಬಿಚ್ಚುವ ಶಕ್ತಿ. ಚಿತ್ರವನ್ನು ಸಂಕ್ಷೇಪಿಸುವ ವಿಧಾನಗಳು ಕಾಲಕಾಲಕ್ಕೆ ಸುಧಾರಿಸುತ್ತಿವೆ. 2003ರ ಎಚ್.264 ಎಂಬುದಕ್ಕಿಂತ 2013ರ ಎಚ್‌ಇವಿಸಿ ಎಂಬುದು ಸುಮಾರು ಅರ್ಧ ಮೆಗಾಬಿಟ್ಟುಗಳಲ್ಲಿಯೇ ಅಷ್ಟೇ ಚೆನ್ನಾದ ಚಿತ್ರವನ್ನು ಕೊಡಬಲ್ಲದು. 2018ರ ಎವಿ1 ಅದಕ್ಕಿಂತ ಮುಂದಿನದು. ಹೊಸ ವಿಧಾನವನ್ನು ಬಿಚ್ಚಲಾರದ ಯಂತ್ರಕ್ಕೆ ಹಳೆಯ ದರ್ಜೆಯೇ ಗತಿ. ಬೆಲೆ ಹೆಚ್ಚಾದ ಮಾತ್ರಕ್ಕೆ ಈ ತೊಂದರೆ ತಪ್ಪುವುದೆಂದು ತಿಳಿಯಬಾರದು. ಆಪಲ್ ಸಂಸ್ಥೆಯವರು 2017ರಲ್ಲಿ ಹೊರತಂದ ಪೆಟ್ಟಿಗೆಯ ಹೆಸರಿನಲ್ಲಿಯೇ 4ಕೆ ಎಂದಿತ್ತು. ಆದರೂ ಯೂಟ್ಯೂಬಿನ 4ಕೆ ಚಿತ್ರಗಳು ವಿಪಿ9 ಎಂಬ ಬೇರೊಂದು ವಿಧಾನದಲ್ಲಿದ್ದುದರಿಂದ, 2020ರವರೆಗೆ ಅವು ಅದರಲ್ಲಿ ಆ ಅಳತೆಯಲ್ಲಿ ಕಾಣಿಸಲಿಲ್ಲ.

ಇಷ್ಟಾದ ಮೇಲೆ ಬಡಿಸುವ ವಿಚಾರ ಉಳಿಯಿತು. ನಮ್ಮ ಸೆಟ್‌ಟಾಪ್ ಬಾಕ್ಸಿನಲ್ಲಿ ಚಿತ್ರವು ಎಡವುತ್ತಿದ್ದುದು ಇಲ್ಲಿಯ ದೋಷದಿಂದ. ನಮ್ಮ ದೇಶದ ಪ್ರಸಾರವು ಸೆಕೆಂಡಿಗೆ 50ರ ಲೆಕ್ಕದಲ್ಲಿ ನಡೆಯುವುದರಿಂದ ಆ ಪೆಟ್ಟಿಗೆಯು ಎಲ್ಲವನ್ನೂ 50 ಸಲವೇ ತೋರಿಸುತ್ತಿತ್ತು. ಚಲನಚಿತ್ರವೋ 24ರ ಲೆಕ್ಕದ್ದು. 24 ಚಿತ್ರಗಳನ್ನು 50 ಸಲಕ್ಕೆ ಹಂಚಬೇಕಾದರೆ, 22 ಚಿತ್ರಗಳು ಎರಡೆರಡು ಸಲವೂ ಉಳಿದ ಎರಡು ಮೂರು ಮೂರು ಸಲವೂ ನಿಲ್ಲಬೇಕು. ಪಂಕ್ತಿಯಲ್ಲಿ ಇಬ್ಬರಿಗೆ ಮಾತ್ರ ಒಂದು ಹೋಳಿಗೆ ಹೆಚ್ಚಾಗಿ ಬಿದ್ದಂತೆ ಇದು ಕಣ್ಣಿಗೆ ಬೀಳುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಚಿತ್ರದ ವೇಗಕ್ಕೆ ಪರದೆಯ ವೇಗವನ್ನು ಹೊಂದಿಸುವ ಏರ್ಪಾಡು ಇರುತ್ತದೆ, ಸೆಟ್ಟಿಂಗಿನಲ್ಲಿ ಹುಡುಕಬೇಕು. ಅಲ್ಲದೆ, ಅನೇಕ ಟಿ.ವಿ.ಗಳು ಒಂದೊಂದು ಬಾಗಿಲಿಗೂ ಬಣ್ಣ, ಬೆಳಕು, ಅಂಚುಗಳ ತೀಕ್ಷ್ಣತೆಯನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡಿರುತ್ತವೆ. ಆ್ಯಪ್‌ಗಾಗಿ ಸರಿಪಡಿಸಿದುದು ಪೆಟ್ಟಿಗೆಗೆ ಅನ್ವಯಿಸದಿರಬಹುದು.

ಇನ್ನೊಂದು ಭ್ರಾಂತಿಯನ್ನೂ ಇಲ್ಲಿ ನಿವಾರಿಸಬೇಕು. ಪೆಟ್ಟಿಗೆಯನ್ನು ಹಚ್ಚಿದೊಡನೆ 4ಕೆ ಟಿ.ವಿ.ಯು ಮೂಲೆಯಲ್ಲಿ 3840 ಸಾಲು 2160 ಎಂದು ತೋರಿಸುವುದುಂಟು. ಅದು ಪೆಟ್ಟಿಗೆಯಿಂದ ಪರದೆಗೆ ಹೋಗುವ ಅಳತೆಯೇ ಹೊರತು, ಇಂಟರ್ನೆಟ್ಟಿನಿಂದ ಪೆಟ್ಟಿಗೆಗೆ ಬಂದ ಅಳತೆಯಲ್ಲ. ಎಲೆಯು ದೊಡ್ಡದಾದ ಮಾತ್ರಕ್ಕೆ ಅನ್ನವು ಹೆಚ್ಚುವುದಿಲ್ಲ. ಮೂಲದಲ್ಲಿಯೇ ಸವೆದ ಪ್ರತಿಯಿಂದ ಇಳಿಸಿದ ಚಿತ್ರವಾದರೂ ಹಾಗೆಯೇ. 1954ರ 'ಬೇಡರ ಕಣ್ಣಪ್ಪ'ದ ಕಾಲದ ಚಿತ್ರವೊಂದನ್ನು ಯಾರೋ ಸವೆದ ಪ್ರತಿಯಿಂದ ಕಡಿಮೆ ಅಳತೆಯಲ್ಲಿ ಏರಿಸಿದ್ದರೆ, ಯಾವ ಪೆಟ್ಟಿಗೆಯೂ ಇಲ್ಲದುದನ್ನು ಹುಟ್ಟಿಸಲಾರದು.

ಹಾಗಾದರೆ ಪೆಟ್ಟಿಗೆಯೇ ಮೇಲು, ಸ್ಮಾರ್ಟ್ ಟಿ.ವಿ.ಯೇ ಕೀಳು ಎಂದು ಹೇಳಬಹುದೆ? ಸರ್ವಥಾ ಹೇಳಲಾಗದು. ಹುಬ್ಬಳ್ಳಿಯಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ಇದಕ್ಕೆ ತೀರ ವಿರುದ್ಧವಾದುದನ್ನು ಕಂಡೆವು. ಅಲ್ಲಿ ಟಿ.ವಿ. ಹೊಸದು, ಪೆಟ್ಟಿಗೆ ಹಳೆಯದು. 1080ರ ಆಚೆಗೆ ಹೋಗಲಾರದ ಆ ಪೆಟ್ಟಿಗೆಗಿಂತ ಟಿ.ವಿ.ಯ ಸ್ವಂತ ಆ್ಯಪ್‌ನಲ್ಲಿಯೇ ಚಿತ್ರವು ಹೆಚ್ಚು ನಿರ್ಮಲವಾಗಿತ್ತು. ಇಬ್ಬರಲ್ಲಿ ಯಾರ ಆಯುಷ್ಯ ಹೆಚ್ಚೆಂಬುದು ಮಾತ್ರ ವಿಚಾರಮಾಡತಕ್ಕ ವಿಷಯ. ಟಿ.ವಿ.ಯ ಗಾಜು ಹತ್ತು ವರ್ಷ ಬಾಳಿದರೂ ಅದರ ಹೊಟ್ಟೆಯಲ್ಲಿರುವ ಆ್ಯಪ್ ಅಷ್ಟು ಬಾಳೀತೆಂಬ ಭರವಸೆಯಿಲ್ಲ. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸಿನವರು ಕೆಲವು ಹಳೆಯ ಸ್ಮಾರ್ಟ್ ಟಿ.ವಿ.ಗಳಿಗೂ ಹಳೆಯ ಪೆಟ್ಟಿಗೆಗಳಿಗೂ ತಮ್ಮ ಸೇವೆಯನ್ನು ನಿಲ್ಲಿಸಿದರು; ಪರದೆಗಳು ಕೆಟ್ಟಿರಲಿಲ್ಲ. ಪೆಟ್ಟಿಗೆಯು ಮುದಿಯಾದರೆ ಪೆಟ್ಟಿಗೆಯನ್ನಷ್ಟೇ ಬದಲಿಸಬಹುದು. ಟಿ.ವಿ.ಯ ಆ್ಯಪ್ ಮುದಿಯಾಯಿತೆಂದು ಟಿ.ವಿ.ಯನ್ನೇ ಬದಲಿಸುವುದು, ದೀಪದ ಬತ್ತಿ ಕರಗಿತೆಂದು ಕಂಬವನ್ನು ಕೀಳಿಸಿದಂತೆ.

ಆದುದರಿಂದ ಚಿತ್ರವು ಮಸುಕಾಯಿತೆಂದು ತೋರಿದ ಮನೆಯವರು ಹಣವನ್ನು ತೆಗೆಯುವುದಕ್ಕೆ ಮೊದಲು ಒಂದು ಸಂಜೆಯನ್ನು ತೆಗೆದಿಡಲಿ. ಮನೆಯಲ್ಲಿರುವ ಎಲ್ಲ ಬಾಗಿಲುಗಳಿಂದಲೂ ಒಂದೇ ಸನ್ನಿವೇಶವನ್ನು ತರಿಸಿ, ಎರಡು ಮೂರು ನಿಮಿಷ ತಾಳಿ ನೋಡಲಿ. ಆರಂಭದ ಮಸುಕು ಕೆಲವು ವೇಳೆ ತಾನಾಗಿ ತಿಳಿಯಾಗುತ್ತದೆ. ಯೂಟ್ಯೂಬಿನಲ್ಲಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬ ಪಟ್ಟಿಯನ್ನು ತೆರೆದರೆ ಬರುತ್ತಿರುವ ಅಳತೆಯು ಕಾಣುತ್ತದೆ. ಅಳತೆಯು ಕಡಿಮೆಯಿದ್ದರೆ ರೂಟರನ್ನು ಹತ್ತಿರ ತಂದೋ ತಂತಿಯನ್ನು ಎಳೆದೋ ನೋಡಲಿ. ಅಳತೆಯು ಸರಿಯಿದ್ದೂ ಚಿತ್ರವು ಸೊಗಸದಿದ್ದರೆ ಟಿ.ವಿ.ಯ ಸೆಟ್ಟಿಂಗನ್ನು ನೋಡಲಿ. ಒಂದು ಸೇವೆಯಲ್ಲಿ ಮಾತ್ರ ತೊಂದರೆಯಾದರೆ ಅನುಮತಿಯ ಪ್ರಶ್ನೆಯಿರಬಹುದು. ತಾವು ತೆತ್ತ ಚಂದಾ ಯಾವ ದರ್ಜೆಯದೆಂಬುದನ್ನೂ ವಿಚಾರಿಸಲಿ. ಹೊಸ ಪೆಟ್ಟಿಗೆಯನ್ನು ಕೊಳ್ಳುವುದಾದರೆ ರಟ್ಟಿನ ಮೇಲಿನ ಅಕ್ಷರಗಳ ಗಾತ್ರಕ್ಕೆ ಮರುಳಾಗದೆ, ತಾವು ನೋಡುವ ಸೇವೆಯವರು ಆ ಮಾದರಿಯನ್ನು ಒಪ್ಪಿದ್ದಾರೆಯೆ ಎಂದು ಕೇಳಲಿ.

ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ಈ ಯಂತ್ರಗಳು ತಮ್ಮ ಕೊರತೆಯನ್ನು ತಾವಾಗಿ ಹೇಳುವುದಿಲ್ಲ. ವಿದ್ಯುತ್ತು ಹೋದರೆ ದೀಪವು ಆರುತ್ತದೆ. ನೀರು ನಿಂತರೆ ನಲ್ಲಿಯು ಒಣಗುತ್ತದೆ. ಸ್ಟ್ರೀಮಿಂಗ್ ಮಾತ್ರ ನಿಲ್ಲದೆ, ಸದ್ದಿಲ್ಲದೆ ದರ್ಜೆಯನ್ನು ಇಳಿಸಿಕೊಂಡು ನಡೆಯುತ್ತಲೇ ಇರುತ್ತದೆ. ಎಳೆಯರು ರಿಮೋಟನ್ನು ಒತ್ತಿ ಗೊಣಗುತ್ತಾರೆ. ಹಿರಿಯರು ತಮ್ಮ ದೇಹವನ್ನೇ ಸಂಶಯಿಸುತ್ತಾರೆ. ಇಷ್ಟು ದಿನ ಒಂದೊಂದಾಗಿ ಬಿಟ್ಟುಕೊಟ್ಟ ಸುಖಗಳ ಪಟ್ಟಿಗೆ ಇದನ್ನೂ ಸೇರಿಸಿ ಸುಮ್ಮನಾಗುತ್ತಾರೆ. ಮನೆಯ ಹಿರಿಯರೊಬ್ಬರು "ನನಗೆ ಈಗ ಕಾಣಿಸುವುದಿಲ್ಲ" ಎಂದರೆ, ಅವರ ಕಣ್ಣನ್ನು ತಪ್ಪದೆ ವೈದ್ಯರಿಗೆ ತೋರಿಸತಕ್ಕದ್ದೇ. ಅದರೊಡನೆ ಅವರ ಪಕ್ಕದಲ್ಲಿ, ಅವರು ಕೂರುವ ಸ್ಥಳದಲ್ಲಿಯೇ ಸ್ವಲ್ಪ ಹೊತ್ತು ಕುಳಿತು, ಅವರು ನೋಡುವುದನ್ನು ನಾವೂ ನೋಡತಕ್ಕದ್ದು. ಈ ಪರೀಕ್ಷೆಗೆ ಕಾಸು ಬೇಕಿಲ್ಲ. ಮಧ್ಯಾಹ್ನದ ಅರ್ಧ ಗಂಟೆಯ ಬಿಡುವಿದ್ದರೆ ಸಾಕು.